ಮೂಡಣ ಮೂಲೆಯ ಕರಿ ಕಾಯಿ

ನಾನು ನಿಂತಿದ್ದದ್ದು ರಾಯಚೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ, ಮೂಡಣ ಮೂಲೆಯಲ್ಲಿ, ಮೋಟುಗೋಡೆಯ ಪಕ್ಕ. ದೀಪಾವಳಿ ಮುಗಿದ ಮರುದಿನದ ಬೆಳಿಗ್ಗೆ. ಅವ್ವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಆದ್ದರಿಂದ ಮೊದಲು ಕಂಡದ್ದನ್ನು ನಾನು ನಂಬಲಿಲ್ಲ. ಗೋಡೆಗೂ ಮೆಣಸಿನ ಗಿಡದ ಬಕೆಟ್ಟಿಗೂ ನಡುವೆ ತೂರಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು, ಎಲೆ ಸರಿಸಿ ಮತ್ತೆ ನೋಡಿದೆ. ಕಾಯಿ ಕಪ್ಪಗಿತ್ತು.

ಕೊಳೆತ ಕಪ್ಪಲ್ಲ, ಹುಳ ಬಿದ್ದ ಕಪ್ಪಲ್ಲ. ಉಗುರಿನಿಂದ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಬದನೆಕಾಯಿಯ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಕೆಳಗೆ ಜೋತುಬಿದ್ದಿರಲಿಲ್ಲ, ಮೇಲಕ್ಕೂ ನಿಂತಿರಲಿಲ್ಲ, ಯಾರ ಕಡೆ ಹೋಗಬೇಕೆಂದು ತಿಳಿಯದವರ ಹಾಗೆ ಮಗ್ಗುಲಿಗೆ ಚಾಚಿತ್ತು. ನನಗೆ ಹೆದರಿಕೆಯಾಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆ ಬಕೆಟ್ಟಿನಲ್ಲಿ ಬಿತ್ತಿದ್ದು ಅವ್ವನ ಕಾಯಿಯ ಬೀಜ, ಮತ್ತು ಲೋಕದಲ್ಲಿ ಅವ್ವನ ಕಾಯಿಯ ಗಿಡವೆಂದು ಆಗ ಉಳಿದಿದ್ದದ್ದು ಅದೊಂದೇ.

ಮಾನ್ವಿಯ ಕೋರ್ಟಿನಲ್ಲಿ ನಾನು ಬೆರಳಚ್ಚುಗಾರನಾಗಿದ್ದೆ. ಸಾಕ್ಷಿ ಹೇಳಲು ಬಂದವರ ಮಾತನ್ನು ಅವರು ಹೇಳಿದ ಹಾಗೇ ಇಳಿಸುವುದು ನನ್ನ ಕೆಲಸ. ವಕೀಲರು ಯಾವಾಗಲೂ ಕೇಳುತ್ತಿದ್ದದ್ದು ಅದನ್ನೇ: ಎಲ್ಲಿ ನಿಂತಿದ್ದಿರಿ, ಬೆಳಕು ಹೇಗಿತ್ತು, ನಿಮ್ಮ ಜೊತೆ ಇನ್ನಾರು ನೋಡಿದರು. ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೂ ಆ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ಹೆಂಡತಿಯನ್ನು ಕೂಗಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು, ಬಗ್ಗಿ ನೋಡಿದಳು.

"ಇದೇನ್ರೀ ಇದು?" ಅಂದಳು.

"ನನಗೂ ಗೊತ್ತಿಲ್ಲ. ಕಪ್ಪಗ ಕಾಣ್ತದಿಲ್ಲೋ ಹೇಳು."

"ಕಪ್ಪಗ ಅದ."

ಅಷ್ಟಾದ ಮೇಲೆ ನಾನು ನಂಬಿದೆ.

ಅವ್ವನ ಕಾಯಿ ಎಂದರೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ಅವ್ವನ ತವರು ದೇವದುರ್ಗದ ಕಡೆ. ಮದುವೆಯಾಗಿ ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿಗೆ ಬರುವಾಗ ಅವಳ ಉಡಿಯಲ್ಲಿ ಅಕ್ಕಿ, ಒಣಕೊಬ್ಬರಿ, ಅರಿಸಿನಕೊಂಬಿನ ಜೊತೆ ಒಂದು ಬಟ್ಟೆಯ ತುಂಡಿನಲ್ಲಿ ಕಟ್ಟಿದ ಮೆಣಸಿನಕಾಯಿ ಬೀಜವೂ ಇತ್ತಂತೆ. ಉಡಿ ತುಂಬುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಬೀಜ ಹಾಕುವುದು ನಮ್ಮ ಮನೆತನದ ಹೆಂಗಸರದ್ದು. "ಹೋದ ಮನ್ಯಾಗ ಖಾರಕ್ಕ ಯಾರ ಮುಂದೂ ಕೈ ಚಾಚಬ್ಯಾಡ" ಎಂದು ಅವಳ ಅವ್ವ ಹೇಳಿದ್ದಳಂತೆ. ಉದ್ದನೆಯ, ತೆಳು ಸಿಪ್ಪೆಯ ಕಾಯಿ. ಒಣಗಿದರೆ ಮುದುಕಿಯ ಕೈಯಂತೆ ಸುಕ್ಕು. ಅದರ ಕೆಂಪು ಬಣ್ಣ ರೊಟ್ಟಿಯ ಅಂಚಿಗೂ ಹತ್ತುತ್ತಿತ್ತು. ಹುರಿದರೆ ಓಣಿಯಲ್ಲಿ ಹೋಗುವವರು ಕೆಮ್ಮುತ್ತಿದ್ದರು.

ಬೀಜಕ್ಕೆ ಅವ್ವನದ್ದೊಂದು ಕಟ್ಟುಪಾಡು ಇತ್ತು. ಮೆಣಸಿನ ಮಡಿಯ ಮೂಡಣ ಮೂಲೆಯಲ್ಲಿ ನಿಂತ ಗಿಡದ ಕಾಯಿ ಮಾತ್ರ ಬೀಜಕ್ಕೆ. ಮೊದಲ ಬಿಸಿಲು ಬೀಳುವ ಗಿಡ ಅದು ಎಂದು. ಅದರಲ್ಲೂ ಚೊಚ್ಚಲ ಕಾಯಿ ಬಿಟ್ಟು ಆಮೇಲೆ ಬಂದ ದೊಡ್ಡ ಕಾಯಿ. ಬಿತ್ತಿ ಉಳಿದ ಹಳೆಯ ಬೀಜ ಇಟ್ಟುಕೊಳ್ಳಬಾರದು, ಗಿಳಿ ಗುಬ್ಬಿಗೆ ಚೆಲ್ಲಬೇಕು. ಕೊನೆಯ ವರ್ಷಗಳಲ್ಲಿ ಅವಳು ನಮ್ಮ ಜೊತೆ ರಾಯಚೂರಿನಲ್ಲಿದ್ದಾಗ ಮಾಳಿಗೆಯ ಮೇಲೆ ಬಣ್ಣದ ಡಬ್ಬಿ, ಒಡೆದ ಬಕೆಟ್ಟುಗಳಲ್ಲಿ ಅದೇ ಗಿಡ ಬೆಳೆದಳು. ಅಲ್ಲಿಯೂ ಮೂಡಣ ಮೂಲೆಯ ಬಕೆಟ್ಟು ಬೀಜದ್ದಾಯಿತು. ಕೈಲಾಗದಂತಾದಾಗ ಮಂಚದ ಮೇಲೆ ಕೂತು ನನ್ನ ಹೆಂಡತಿಗೆ ಹೇಳಿಕೊಟ್ಟಳು. ಅವ್ವ ಹೋದ ಚಳಿಗಾಲದಲ್ಲಿ ಬೀಜದ ಕಾಯಿ ಕಿತ್ತವಳು ನನ್ನ ಹೆಂಡತಿಯೇ.

ಮುಂದಿನ ಮಳೆಗಾಲ ಆ ಬೀಜ ಬಿತ್ತಿದೆವು. ಎಲೆ ಮುದುಡುವ ರೋಗ ಬಂತು. ಒಂದರ ಹಿಂದೊಂದು ಗಿಡ ಮುರುಟಿಕೊಂಡು ಹೂ ಬಿಡುವ ಮೊದಲೇ ಹೋದವು. ಮೂಡಣ ಮೂಲೆಯದ್ದೊಂದು ಮುರುಟಲಿಲ್ಲ. ಎದೆಯೆತ್ತರ ಬೆಳೆಯಿತು. ಅದರ ಕಾಂಡದ ಗೆಣ್ಣುಗಳಲ್ಲಿ ಒಂದು ನೀಲಿ ಛಾಯೆ ಇತ್ತು. ಅದು ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು, ರೋಗ ತಡೆದ ಗುರುತೇನೋ ಎಂದುಕೊಂಡಿದ್ದೆ. ಆ ಗಿಡ ಕಪ್ಪು ಕಾಯಿ ಬಿಟ್ಟಿತು.

ಅವ್ವನ ವರ್ಷದ ಕಾರ್ಯಕ್ಕೆ ಅಕ್ಕ ದೇವದುರ್ಗದಿಂದ ಬಂದಳು. ನನಗಿಂತ ದೊಡ್ಡವಳು, ಅವ್ವ ಹೋದ ಮೇಲೆ ಅವ್ವನ ಹಾಗೇ ಮಾತಾಡಲು ಶುರು ಮಾಡಿದ್ದಳು. ಅವಳ ಉಡಿಗೂ ಬೀಜ ಬಿದ್ದಿತ್ತು, ಆದರೆ ಎಷ್ಟೋ ವರ್ಷದ ಹಿಂದೆಯೇ ಬೆಳೆಯುವುದು ಬಿಟ್ಟಿದ್ದಳು. ತವರಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಈಗ ಅವಳ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಉಡಿಗೆ ಬೀಜ ಕೊಡಬೇಕಾದದ್ದು ಸೋದರಮಾವನಾದ ನಾನು, ಉಡಿ ತುಂಬಬೇಕಾದವಳು ನನ್ನ ಹೆಂಡತಿ. ಅಕ್ಕ ಮಾಳಿಗೆ ಹತ್ತಿ ಬಂದಳು, ಸೊಂಟದ ಮೇಲೆ ಕೈ ಇಟ್ಟು ಗಿಡ ನೋಡಿದಳು.

"ಏನ್ಲೇ ತಮ್ಮಾ, ನೇರಳಿ ಹಣ್ಣು ಬೆಳಿಯಾಕತ್ತೀರೇನು?"

"ಅವ್ವನ ಬೀಜ ಅಕ್ಕಾ."

"ಅವ್ವನ ಕಾಯಿ ನಾ ನೋಡಿಲ್ಲೇನು? ಹುಟ್ಟಿದಾಗಿಂದ ತಿಂದೀನಿ. ಇದು ಅದಲ್ಲ. ಯಾರೋ ಬೀಜ ಬೆರಕಿ ಮಾಡ್ಯಾರ."

'ಯಾರೋ' ಎನ್ನುವಾಗ ಅವಳು ನನ್ನ ಹೆಂಡತಿಯ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ನನ್ನ ಹೆಂಡತಿಯ ಕೈಯಲ್ಲಿ ಚಹಾದ ತಟ್ಟೆ ಇತ್ತು, ಅವಳು ಅದನ್ನು ನೀರಿನ ಟಾಕಿಯ ಕಟ್ಟೆಯ ಮೇಲೆ ಇಟ್ಟಳು.

"ಅಕ್ಕಾರ, ಅತ್ತಿ ಹೆಂಗ ಹೇಳಿದ್ರೋ ಹಂಗ ತಗದೀನಿ. ಮೂಡಲ ಮೂಲಿ ಗಿಡದ್ದು. ಬ್ಯಾರೆ ಬೀಜ ಈ ಮನ್ಯಾಗ ಬಂದಿಲ್ಲ."

"ನಾ ನಿನಗ ಅಂದಿಲ್ಲ ಯವ್ವಾ. ಕಣ್ಣಿಗಿ ಕಂಡದ್ದು ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ಕಿತ್ತಿ ಒಗಿ ಇದನ್ನ. ಮಂಗಳ ಕಾರ್ಯದಾಗ ಕರೀದು ಬರ್ತದೇನು? ಇದರ ಬೀಜ ನನ್ನ ಮಗಳ ಉಡಿಗಿ ಬೀಳೂದಿಲ್ಲ."

"ಕೀಳೂದಿಲ್ಲ" ಅಂದೆ.

"ಏನಂದಿ?"

"ಕೀಳೂದಿಲ್ಲ ಅಂದೆ ಅಕ್ಕಾ. ಇದರದೇ ಬೀಜ ಬೀಳ್ತದ."

ಅವಳಿಗೆ ಎದುರು ಮಾತಾಡಿದ್ದು ಅದೇ ಮೊದಲಿರಬೇಕು. ಅವಳು ಚಹಾ ಕುಡಿಯದೇ ಇಳಿದು ಹೋದಳು.

ಸಿಟ್ಟಿನಲ್ಲಿ ಆಡಿದ ಮಾತಿಗೆ ಆಧಾರ ಹುಡುಕಬೇಕಾಯಿತು. ನನ್ನ ಹೆಂಡತಿಯ ಹೇಳಿಕೆಯನ್ನು ನಾನು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುವಿ ನೋಡಿದೆ. ಸುಳ್ಳು ಹೇಳುವವರ ಮಾತು ಎಲ್ಲಿ ಅಳ್ಳಾಡುತ್ತದೆ ಎಂದು ನನಗೆ ಗೊತ್ತು. ಅವಳದ್ದು ಎಲ್ಲಿಯೂ ಅಳ್ಳಾಡುತ್ತಿರಲಿಲ್ಲ. ಹಾಗಿದ್ದರೆ ಕಪ್ಪು ಎಲ್ಲಿಂದ ಬಂತು?

ಕಲ್ಮಲದಲ್ಲಿ ಒಬ್ಬರು ನಿವೃತ್ತ ಕೃಷಿ ಸಹಾಯಕರು ಇದ್ದರು, ಹೊಲದ ಖಟ್ಲೆಗಳಲ್ಲಿ ಸಾಕ್ಷಿ ಹೇಳಲು ಬರುತ್ತಿದ್ದವರು. ಒಂದು ಕಪ್ಪು ಕಾಯಿ ಕಿತ್ತುಕೊಂಡು ಬಸ್ಸು ಹತ್ತಿದೆ. ಅವರು ಕಾಯಿಯನ್ನು ಸೀಳಿದರು, ಮೂಸಿದರು, ಒಳಗಿನ ತಿರುಳನ್ನು ನಾಲಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು.

"ಮೂಡಲಕ್ಕ ಏನದ ನಿಮ್ಮ ಮಾಳಗಿಗೆ?" ಅಂದರು.

"ಪಕ್ಕದ ಮನಿ ಮಾಳಗಿ."

"ಅಲ್ಲೇನದ ನೋಡಿ ಬರ್ರಿ. ಕಾಯಿ ಸಿಪ್ಪಿ ತಾಯಿದು ಇರ್ತದ, ಒಳಗಿನ ಬೀಜ ಇಬ್ಬರದು. ಹ್ವಾದ ವರ್ಷ ನಿಮ್ಮ ಮನ್ಯಾಗಿನವರು ಕಿತ್ತ ಕಾಯಿ ನೋಡಾಕ ನಿಮ್ಮವ್ವನ ಕಾಯಿನೇ ಇದ್ದಿರ್ಬೇಕು. ಜೇನುಹುಳ ಮಾಡಿದ್ದು ಒಳಗಿತ್ತು. ಬಿತ್ತಿದ ಮ್ಯಾಲ ಈಗ ಹೊರಗ ಬಂದದ."

ಮನೆಗೆ ಬಂದವನೇ ಮಾಳಿಗೆ ಹತ್ತಿ, ಮೋಟುಗೋಡೆಯ ಆಚೆಗೆ ಬಗ್ಗಿ ನೋಡಿದೆ. ಪಕ್ಕದ ಮನೆಯವರು ತೆಲುಗಿನವರು. ಗೋಡೆಗೆ ಹತ್ತಿಕೊಂಡೇ ಅವರ ಕುಂಡಗಳ ಸಾಲು. ಅದರಲ್ಲಿ ಮೊಣಕಾಲೆತ್ತರದ ಒಂದು ಗಿಡ, ಕರಿಮಣಿಯಂಥ ದುಂಡು ಕಾಯಿಗಳು ಆಕಾಶ ನೋಡುತ್ತ ನಿಂತಿದ್ದವು. ಆ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದರು. ಅದೇನು ಗಿಡ ಎಂದು ಕೇಳಿದೆ.

"ಅಂದಕ್ಕ ಇಟ್ಟೀನಿ ಅಣ್ಣಾ, ತಿನ್ನಾಕಲ್ಲ. ಎರಡು ವರ್ಷ ಆತು. ಯಾಕ?"

ಯಾಕೆಂದು ಹೇಳಿದೆ. ಅವರು ನಮ್ಮ ಗಿಡ ನೋಡಿದರು, ತಮ್ಮ ಗಿಡ ನೋಡಿದರು, ಬಾಯಿಗೆ ಸೆರಗು ಹಚ್ಚಿ ನಕ್ಕರು.

"ಹಂಗಾದ್ರ ನಾವು ಬೀಗರಾದಿವಿ ಅನ್ರಿ."

ನನಗೆ ನಗು ಬರಲಿಲ್ಲ. ಹಿರೇಕೊಟ್ನೆಕಲ್ಲಿನಲ್ಲಿ ಅವ್ವನ ಮಡಿಯ ಮೂಡಣಕ್ಕೆ ಬಿಳಿಜೋಳದ ಹೊಲ, ಅದರಾಚೆ ಮತ್ತೆ ಬಿಳಿಜೋಳ. ಅಲ್ಲಿ ಮೂಡಣ ಮೂಲೆಯಷ್ಟು ಕಾಪಿನ ಜಾಗ ಬೇರೆ ಇರಲಿಲ್ಲ. ಇಲ್ಲಿ ಮೂಡಣಕ್ಕೆ ಪರರ ಗಿಡ. ಕಟ್ಟುಪಾಡು ಅದೇ ಉಳಿಯಿತು, ಮೂಡಣ ಬದಲಾಯಿತು. ಹೆಂಡತಿ ಅಸಡ್ಡೆ ಮಾಡಿ ಬೇರೆ ಮೂಲೆಯ ಕಾಯಿ ಕಿತ್ತಿದ್ದರೆ ಅವ್ವನ ಕಾಯಿ ಪ್ರಾಯಶಃ ಕಲಬೆರಕೆಯಿಲ್ಲದೆ ಉಳಿಯುತ್ತಿತ್ತು. ಅವಳು ಅತ್ತೆಯ ಮಾತು ಒಂದಕ್ಷರ ಬಿಡದೆ ಪಾಲಿಸಿದ್ದಳು, ಅದಕ್ಕೇ ಬೆರೆಯಿತು. ಇದನ್ನು ಅವಳಿಗೆ ಹೇಳಿದಾಗ ಅವಳು "ಇದನ್ನ ಅಕ್ಕಾರಿಗೆ ಹೇಳ್ರಿ" ಅಂದಳು.

ಫೋನಿನಲ್ಲಿ ಹೇಳಿದೆ. ಅಕ್ಕ ನಂಬಲಿಲ್ಲ. "ಹೆಂಡತಿ ಕಡೆ ವಕೀಲಿ ಮಾಡಬ್ಯಾಡ" ಅಂದಳು.

ನಾನು ಮತ್ತೆ ಕಲ್ಮಲಕ್ಕೆ ಹೋದೆ. ಆ ಹಿರಿಯರು ಕರುಣೆಯಿಂದಲೇ ಹೇಳಿದರು, "ಕಿತ್ತು ಒಗೀರಿ. ಅಂಗಡ್ಯಾಗ ಪ್ಯಾಕೆಟ್ ಬೀಜ ಸಿಗ್ತಾವ."

"ಅದ್ರಾಗ ನಮ್ಮವ್ವಂದು ಇರ್ತದೇನ್ರೀ?"

"ಇದ್ರಾಗೂ ಅರ್ಧನೇ ಅದ."

"ಅರ್ಧ ಅದಲ್ರೀ."

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಒಂದು ಮಾದರಿಗೆ ನಿಲ್ಲಬೇಕಂದ್ರ ಆರೇಳು ಬೆಳಿ ಬೇಕಾಗ್ತಾವ. ವಯಸ್ಸೆಷ್ಟು ನಿಮಗ?"

"ಬೆಳಿ ತೆಗಿಯಾಕ ವಯಸ್ಸಿನ ದಾಖಲಿ ಕೇಳ್ತಾರೇನ್ರೀ?"

ಆಮೇಲೆ ಅವರು ದಾರಿ ಹೇಳಿಕೊಟ್ಟರು. ಪಕ್ಕದ ಮನೆಯ ಬೀಜವೇ ಕೈತಪ್ಪಿ ಬೆರೆತಿದ್ದರೆ ನಮ್ಮ ಗಿಡ ಪಕ್ಕದ ಮನೆಯ ಗಿಡದ ಪಡಿಯಚ್ಚಾಗಿ ಇರಬೇಕಿತ್ತು. ಇದು ನಡುವಿನದ್ದು. ಅದು ಒಂದು ಪುರಾವೆ. ಇನ್ನೊಂದನ್ನು ಅದರ ಮಕ್ಕಳು ಕೊಡುತ್ತವೆ: ಆ ಒಂದೇ ಗಿಡದ ಬೀಜ ಬಿತ್ತಿದಾಗ ಎಲ್ಲ ಒಂದೇ ಥರ ಬಂದರೆ ಅದು ಬೇರೆ ಜಾತಿ, ಒಂದಕ್ಕೊಂದು ಹೋಲದೆ ಬಂದರೆ ಕೂಡಿ ಹುಟ್ಟಿದ್ದು.

ಬೀಜ ಬಹಳ ಇತ್ತು. ಮಾಳಿಗೆಯ ಮೇಲೆ ಜಾಗ ಸಾಲಲಿಲ್ಲ. ಎಲ್ಲಿ ನೆಡುವುದೆಂದು ಯೋಚಿಸುವಾಗ ಅಕ್ಕನ ಮಗಳು ಫೋನು ಮಾಡಿದಳು. ಕಾಲೇಜು ಮುಗಿಸಿ ದೇವದುರ್ಗದಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಅವರ ಮನೆಯ ಹಿಂದೆ ಒಳ್ಳೆಯ ಹಿತ್ತಲು ಇತ್ತು.

"ಮಾಮಾ, ಸಸಿ ಇಲ್ಲಿ ತಂದು ಹಚ್ಚು. ಅವ್ವಗ ನಾ ಹೇಳ್ತೀನಿ."

"ನಿಮ್ಮವ್ವ ಕಿತ್ತಿ ಒಗೀತಾಳ."

"ನನ್ನ ಉಡಿ ಬಗ್ಗೆ ಜಗಳ ನಡದದ, ನನ್ನ ಒಬ್ಬಾಕಿನ್ನ ಯಾರೂ ಕೇಳವಲ್ರು."

ಹೀಗೆ ಆ ಸಸಿಗಳು ಅವುಗಳನ್ನು ಒಲ್ಲೆನೆಂದವಳ ಹಿತ್ತಲಿನಲ್ಲೇ ಬೇರು ಬಿಟ್ಟವು. ಅಕ್ಕ ನೀರು ಹಾಕಲಿಲ್ಲ, ಕೀಳಲೂ ಇಲ್ಲ. ಕಾಯಿ ಬಂದಾಗ ನಾನು ಹೆಂಡತಿಯನ್ನು ಕರೆದುಕೊಂಡು ಹೋದೆ. ಒಂದು ಗಿಡದಲ್ಲಿ ದುಂಡು ಕಾಯಿ ಮೇಲೆ ನೋಡುತ್ತಿತ್ತು. ಅದರ ಪಕ್ಕದ್ದು ಹಸಿರು, ಉದ್ದ, ಜೋತುಬಿದ್ದದ್ದು. ಒಂದರ ಎಲೆಯೇ ಕಪ್ಪು. ಒಂದು ನಸುಗಪ್ಪು. ಒಂದು ಮೊಂಡು ಮೂಗಿನದು, ಒಂದು ತುದಿ ಬಾಗಿದ್ದು. ಒಂದೇ ತಾಯಿಯ ಮಕ್ಕಳು, ಎರಡು ಒಂದೇ ಥರ ಇರಲಿಲ್ಲ. ಅಕ್ಕ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದಳು. ತಿರುಗಿ ಬಂದು ನನ್ನ ಹೆಂಡತಿಯ ಮುಂದೆ ನಿಂತಳು.

"ಊಟಕ್ಕ ಏಳ್ರಿ" ಅಂದಳು. ಅಷ್ಟೇ. ಆದರೆ ಅವತ್ತು ರೊಟ್ಟಿಯ ಮೇಲೆ ಬೆಣ್ಣೆಯನ್ನು ಅವಳೇ ಬಡಿಸಿದಳು, ಮೊದಲು ನನ್ನ ಹೆಂಡತಿಗೆ.

ಆರಿಸುವ ಕೆಲಸ ಅಲ್ಲಿಂದ ಶುರುವಾಯಿತು. ಉದ್ದ, ತೆಳು ಸಿಪ್ಪೆ, ಒಣಗಿದರೆ ಸುಕ್ಕು — ಅವ್ವನ ಈ ಮೂರನ್ನು ಹಿಡಿದು ಹುಡುಕಿದೆವು. ಖಾರವನ್ನು ನನ್ನ ಹೆಂಡತಿ ನೋಡುತ್ತಿದ್ದಳು: ಗಿಡಕ್ಕೊಂದು ಹಣ್ಣು ಅರೆದು, ಉಪ್ಪು ನಿಂಬೆ ಹಾಕಿ, ರೊಟ್ಟಿಗೆ ಹಚ್ಚಿ. ನನಗೆ ಎರಡರ ನಂತರ ನಾಲಗೆ ಸತ್ತುಹೋಗುತ್ತಿತ್ತು, ಅವಳು ನಡುನಡುವೆ ಮಜ್ಜಿಗೆ ಕುಡಿದು ಮತ್ತೆ ನೋಡುತ್ತಿದ್ದಳು.

ಬಣ್ಣದ ವಿಷಯಕ್ಕೆ ಕಲ್ಮಲದವರು ಸುಲಭದ ದಾರಿ ತೋರಿಸಿದರು. ಹಸಿರು ಕಾಯಿಯ ಗಿಡಗಳ ಮಕ್ಕಳು ಹಸಿರೇ ಬರುತ್ತವೆ, ಅವನ್ನು ಹಿಡಿದರೆ ನಾಲ್ಕು ಬೆಳೆಯೊಳಗೆ ನೋಡುವವರಿಗೆ ಅವ್ವನ ಕಾಯಿಯೇ ಎನಿಸುತ್ತದೆ. ಅಕ್ಕನೂ ಒಪ್ಪುತ್ತಿದ್ದಳು. ನಾನು ಒಪ್ಪಲಿಲ್ಲ. ಕಪ್ಪನ್ನೇ ಹಿಡಿದೆ. ಯಾಕೆಂದು ಆಗ ಕೇಳಿದವರಿಗೆ ಸರಿಯಾಗಿ ಹೇಳಲು ಬರಲಿಲ್ಲ. ಹೆಂಡತಿಯ ಮೇಲೆ ಮಾತು ಬಂದದ್ದು ಆ ಕಪ್ಪಿನಿಂದ. ಅದನ್ನು ಒರೆಸಿ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಹಸಿರು ಕಾಯಿಯನ್ನು ಉಡಿಗೆ ಹಾಕುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಕಪ್ಪು ಕಷ್ಟ ಕೊಟ್ಟಿತು. ನಸುಗಪ್ಪಿನ ಗಿಡ ನಂಬುವ ಹಾಗಿರಲಿಲ್ಲ, ಅದರ ಮಕ್ಕಳಲ್ಲಿ ಕೆಲವು ಹಸಿರು, ಕೆಲವು ನಸುಗಪ್ಪು, ಕೆಲವು ಕಡುಗಪ್ಪು. ಕಡುಗಪ್ಪಿನದನ್ನು ಹಿಡಿದರೆ ಉದ್ದ ಸಿಗುತ್ತಿರಲಿಲ್ಲ, ಉದ್ದ ಸಿಕ್ಕರೆ ಸಿಪ್ಪೆ ದಪ್ಪ. ಹೂ ಅರಳುವ ಮೊದಲೇ ಟೊಂಗೆಗೆ ಸೊಳ್ಳೆಪರದೆಯ ಚೀಲ ಕಟ್ಟುತ್ತಿದ್ದೆವು, ಜೇನು ಬಾರದಂತೆ. ಗಿಡ ತನ್ನ ಹೂವಿಗೆ ತಾನೇ ಕಾಯಿ ಕಟ್ಟಿಕೊಂಡ ಮೇಲೆ ಚೀಲ ತೆಗೆದು, ಇದು ಬೀಜದ್ದು ಎಂದು ತೊಟ್ಟಿಗೆ ಒಂದು ಗುರುತು ಹಾಕುತ್ತಿದ್ದೆ. ಗುರುತಿಗೆ ನಾನು ಬಳಸಿದ್ದು ಕಡತ ಕಟ್ಟುವ ಕೆಂಪು ದಾರ. ಜೀವಮಾನವೆಲ್ಲ ಕೈಗೆ ರೂಢಿಯಾದದ್ದು ಅದು.

ಮುಂದಿನದಕ್ಕೆ ಆ ಕೆಂಪು ದಾರ ಕಾರಣ.

ಅಕ್ಕನ ಮಗಳಿಗೆ, ನನ್ನ ಸೋದರ ಸೊಸೆಗೆ, ಕವಿತಾಳದ ಕಡೆಯ ಗಂಡು ಗೊತ್ತಾಯಿತು. ನಿಶ್ಚಯ ಮುಗಿದ ವಾರದಲ್ಲೇ ಅವಳಿಗೆ ಜ್ವರ. ಅಕ್ಕನಿಗೆ ಇದು ನೆದರು ಎನಿಸಿತು, ಹುಡುಗಿಯ ಮೇಲೆ ಯಾರದೋ ಕಣ್ಣು ಬಿದ್ದಿದೆ ಎಂದು. ಅಮಾವಾಸ್ಯೆಯ ಸಂಜೆ ನಾನು, ನನ್ನ ಹೆಂಡತಿ ಅವಳನ್ನು ನೋಡಲು ದೇವದುರ್ಗಕ್ಕೆ ಹೋದೆವು. ಆ ಬೆಳೆಯಲ್ಲಿ ಒಂದು ಗಿಡ ಎಲ್ಲವನ್ನೂ ಕೂಡಿಸಿಕೊಂಡು ಬಂದಿತ್ತು. ಕಡುಗಪ್ಪು, ಅವ್ವನ ಉದ್ದ, ಅವ್ವನ ಸಿಪ್ಪೆ. ಅದರ ಬೀಜದ ಕಾಯಿಗಳನ್ನು ಗಿಡದಲ್ಲೇ ಕೆಂಪಾಗಿ ಒಣಗಲು ಬಿಟ್ಟಿದ್ದೆ.

ನಾನು ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ನಿಂತಿದ್ದೆ. ದೀಪ ಹಚ್ಚಿರಲಿಲ್ಲ, ಆದರೆ ಆಕಾಶದಲ್ಲಿ ಇನ್ನೂ ಬೆಳಕಿತ್ತು. ಸೊಸೆ ಚಾಪೆಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಅಕ್ಕ ಬಚ್ಚಲ ಒಲೆಯಿಂದ ಹತ್ತಿಕಟ್ಟಿಗೆಯ ಕೆಂಡವನ್ನು ಕಬ್ಬಿಣದ ಬುಟ್ಟಿಯಲ್ಲಿ ತುಂಬಿ ತಂದಿಟ್ಟು, ಮುಷ್ಟಿ ಕಟ್ಟಿ ಮಗಳ ತಲೆಯ ಸುತ್ತ ಇಳಿತೆಗೆಯುತ್ತಿದ್ದಳು. ಉಪ್ಪು, ಸಾಸಿವೆ, ಮೆಣಸಿನಕಾಯಿ. ಅವಳ ಬೆರಳುಗಳ ಸಂದಿಯಿಂದ ಕೆಂಪು ದಾರದ ತುದಿಗಳು ಇಣುಕುತ್ತಿದ್ದವು. ನಾನು ಕಂಡೆ. ಬಾಯಿ ತೆರೆದೆ. ಮಾತು ಬರುವುದರೊಳಗೆ ಅವಳು ಕೆಂಡದ ಮೇಲೆ ಮುಷ್ಟಿ ಬಿಚ್ಚಿದಳು.

ನೆದರು ಇದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಘಾಟು ಎದ್ದಿತು. ಮೊದಲು ಸೊಸೆ ಕೆಮ್ಮಿದಳು, ಆಮೇಲೆ ನನ್ನ ಹೆಂಡತಿ, ಆಮೇಲೆ ನನ್ನ ಎದೆಯೊಳಗೆ ಏನೋ ಕೆರೆದ ಹಾಗಾಗಿ ಉಸಿರೇ ನಿಂತಿತು. ನಾಲ್ವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಓಣಿಗೆ ಓಡಿದೆವು. ಎದುರು ಮನೆಯ ಕಿಟಕಿಯಿಂದ ಯಾರೋ ಕೆಮ್ಮುತ್ತಲೇ ಬೈದರು.

"ಯವ್ವಾ, ನೆದರ ಹೋತು, ಈಗ ಜೀವಾ ಹೊಂಟದ" ಎಂದು ಸೊಸೆ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡಳು.

ಅಕ್ಕ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು. ಕಣ್ಣು ಮೂಗು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಒಳಗಿಂದ ಬರುತ್ತಿದ್ದ ಗಾಳಿಯನ್ನು ಮತ್ತೊಮ್ಮೆ ಮೂಸಿದಳು.

"ಲೇ ತಮ್ಮಾ" ಅಂದಳು. "ಇದು ಅವ್ವ ಕಾಯಿ ಹುರದಾಗಿನ ಘಾಟು."

ಹಿರೇಕೊಟ್ನೆಕಲ್ಲಿನಲ್ಲಿ ಅವ್ವ ವರ್ಷದ ಖಾರಕ್ಕೆ ಕಾಯಿ ಹುರಿಯುವ ದಿನ ನಾವಿಬ್ಬರೂ ಹೀಗೆಯೇ ಓಣಿಗೆ ಓಡಿ ಬರುತ್ತಿದ್ದೆವು. ಅದನ್ನು ನೆನಪಿಟ್ಟವರು ಈಗ ನಾವಿಬ್ಬರೇ. ನನಗೂ ಅದೇ ಘಾಟು ಎನಿಸಿತ್ತು. ಆದರೆ ಅದನ್ನು ಅವಳೇ ಹೇಳಬೇಕಿತ್ತು, ಹೇಳಿದಳು. ನನ್ನ ಹೆಂಡತಿ ಕೇಳಿಸಿಕೊಂಡಳು.

ಬೀಜ ಸುಟ್ಟುಹೋಯಿತೆಂದು ಹೇಳಿದಾಗ ಅಕ್ಕ ಸಿಟ್ಟಿಗೆದ್ದಳು. "ಕೆಂಪು ದಾರ ಕಟ್ಟಿ ಬಿಟ್ಟೀದಿ, ನಾ ಏನು ತಿಳಕೋಬೇಕು? ನಿನ್ನ ಹೆಂಡತಿ ಮಂತ್ರಿಸಿ ಇಟ್ಟಾಳ, ಹುಡುಗಿ ಮ್ಯಾಲ ಕಾಳಜಿ ಅದ ಅಂತ ತಿಳಕೊಂಡೆ."

"ನಾ ಮಂತ್ರಾ ಎಲ್ಲಿ ಕಲ್ತೀನ್ರೀ ಅಕ್ಕಾರ" ಅಂದಳು ನನ್ನ ಹೆಂಡತಿ. ಕಣ್ಣು ಒರೆಸಿಕೊಳ್ಳುತ್ತಲೇ ಇಬ್ಬರೂ ನಕ್ಕರು. ನಾನು ನಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಗಿಡ ನೋಡಿದೆ. ಗಿಡ ನಿಂತಿತ್ತು, ತುದಿಯಲ್ಲಿ ಹೊಸ ಮೊಗ್ಗಿದ್ದವು. ಆ ಕತ್ತಲಾಗುವ ಹೊತ್ತಿನಲ್ಲೇ ಒಂದು ಟೊಂಗೆಗೆ ಚೀಲ ಕಟ್ಟಿದೆ. ಮರುದಿನ ಉಳಿದ ಟೊಂಗೆಗಳಿಗೆ ಅಕ್ಕ ತನ್ನ ಹಳೆಯ ಸೀರೆ ಹರಿದು ಚೀಲ ಹೊಲಿಸಿದಳು. ಗುರುತಿಗೆ ಬಿಳಿ ದಾರ ಕೊಟ್ಟಳು.

ಆ ಹೂಗಳು ಕಾಯಿ ಕಟ್ಟಿದವು. ಮಾಳಿಗೆಯ ಮೇಲೆ ಬಿತ್ತಿ ನೋಡಿದೆವು: ಹೆಚ್ಚಿನವು ತಾಯಿಯ ಹಾಗೇ ಬಂದವು. ಒಂದೆರಡು ಗಿಡ್ಡವಾದವು. ಅವನ್ನು ಕಿತ್ತೆವು.

ಮದುವೆ ಹತ್ತಿರ ಬಂದಾಗ ಅಕ್ಕ ಹೊಸ ಮಾತು ತೆಗೆದಳು. ನಾವು ದೇವದುರ್ಗದಲ್ಲಿ ಅವಳ ಪಡಸಾಲೆಯಲ್ಲಿ ಕೂತಿದ್ದೆವು.

"ಬೀಗರ ಮುಂದ ಅವ್ವನ ಬೀಜ ಅಂತ ಹೇಳಿ ಹಾಕ್ರಿ. ಕರೀದು ಪರೀದು ಅಂತ ಏನೂ ಹೇಳಾಕ ಹೋಗಬ್ಯಾಡ್ರಿ."

"ಹಂಗ ಹೇಳೂದಿಲ್ಲ" ಅಂದೆ.

"ಸುಳ್ಳಲ್ಲಲೇ. ಘಾಟು ಅದೇ ಅದ."

"ಘಾಟು ಅವ್ವಂದು. ಕಪ್ಪು ಅವ್ವಂದಲ್ಲ, ಪಕ್ಕದ ಮನೀದು."

"ಬೀಜ ನೋಡಿದ್ರ ಯಾರಿಗಿ ತಿಳೀತದ? ಎಲ್ಲಾ ಬೀಜ ಹಳದಿನೇ ಇರ್ತಾವ."

"ಗಿಡ ಕಾಯಿ ಬಿಟ್ಟ ದಿನ ತಿಳೀತದ ಅಕ್ಕಾ. ಅವತ್ತು ಆ ಮನಿ ಹಿತ್ತಲದಾಗ ನಿನ್ನ ಮಗಳು ಒಬ್ಬಾಕಿನೇ ನಿಂತಿರ್ತಾಳ. ಯಾರೋ ಬೀಜ ಬೆರಕಿ ಮಾಡ್ಯಾರ ಅಂತಾರ. ಅನ್ನುವಾಗ ಇವಳ ಕಡೆ ನೋಡೂದಿಲ್ಲ."

ನನ್ನ ಹೆಂಡತಿ ನೆಲ ನೋಡುತ್ತಿದ್ದಳು. ಅಕ್ಕ ಕೈಯಲ್ಲಿದ್ದ ಅಡಿಕೆಯನ್ನು ಮತ್ತೆ ಡಬ್ಬಿಯೊಳಗೆ ಹಾಕಿದಳು. ಕೊನೆಗೆ ಸೊಸೆಯೇ ಬಾಯಿ ತೆರೆದಳು.

"ಮಾಮಾ, ಅದು ಖಾರ ಇರ್ತದೋ ಇಲ್ಲೋ ಅಷ್ಟು ಹೇಳು."

"ನಿಮ್ಮವ್ವನ್ನ ಕೇಳು."

"ಹಂಗಾದ್ರ ಇದ್ದದ್ದು ಇದ್ದಂಗ ಹಾಕ್ರಿ" ಅಂದಳು.

ಮದುವೆ ಮಾನ್ವಿಯಲ್ಲಾಯಿತು. ನಾನು ಮಂಟಪದ ಎಡಗಡೆ, ಎರಡನೇ ಕಂಬದ ಪಕ್ಕ ನಿಂತಿದ್ದೆ. ಮಧ್ಯಾಹ್ನದ ಬೆಳಕು, ಎದುರಿಗೆ ಯಾವ ಅಡ್ಡವೂ ಇರಲಿಲ್ಲ. ನನ್ನ ಹೆಂಡತಿ ಸೊಸೆಯ ಸೆರಗಿಗೆ ಅಕ್ಕಿ ಹಾಕಿದಳು, ಕೊಬ್ಬರಿ, ಅರಿಸಿನ ಹಾಕಿದಳು, ಬೀಜದ ಗಂಟು ಹಾಕಿದಳು. ಆಮೇಲೆ ತಟ್ಟೆಯಿಂದ ಅಂದು ಬೆಳಿಗ್ಗೆ ಕಿತ್ತ ಒಂದು ಕಾಯಿಯನ್ನು, ಇನ್ನೂ ಹಣ್ಣಾಗದ್ದನ್ನು, ಕಡುಗಪ್ಪಿನದ್ದನ್ನು, ಎಲ್ಲರಿಗೂ ಕಾಣುವ ಹಾಗೆ ಬಿಳಿ ಅಕ್ಕಿಯ ಮೇಲೆ ಇಟ್ಟಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

ಹೆಂಗಸರ ಗುಂಪಿನಲ್ಲಿ ಪಿಸುಮಾತು ಎದ್ದಿತು. ಗಂಡಿನ ಸೋದರತ್ತೆ ಮುಂದೆ ಬಂದು ಬಗ್ಗಿದರು.

"ಇದೇನ್ರೀ ಬೀಗರ, ಉಡಿಯಾಗ ಕರೀ ಕಾಯಿ?"

ಉತ್ತರ ಕೊಡಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ನನಗಿಂತ ಮೊದಲು ಅಕ್ಕ ಮಾತಾಡಿದಳು, ಅವಳ ಮಾಮೂಲಿ ದೊಡ್ಡ ದನಿಯಲ್ಲಿ.

"ನಮ್ಮ ತವರಮನಿ ಕಾಯಿರೀ. ಮೊದಲು ಕರೀದಿರ್ತದ, ಆಮ್ಯಾಲ ಕೆಂಪಾಗ್ತದ. ಅರ್ಧ ನಮ್ಮವ್ವಂದು, ಅರ್ಧ ನೆರಿಮನೀದು. ನಮ್ಮ ತಮ್ಮನ ಹೆಂಡತಿ ಉಳಿಸಿ ಬೆಳಿಸ್ಯಾಳ. ಹುರಿಯೂದಿದ್ರ ಮಾತ್ರ ಮನಿ ಹೊರಗ ಹುರೀರಿ."

ಆ ಸೋದರತ್ತೆ ಕಾಯಿಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಮತ್ತೆ ಅಕ್ಕಿಯ ಮೇಲೆ ಇಟ್ಟರು. ಸೊಸೆ ಸೆರಗು ಬಿಗಿದು ಉಡಿ ಕಟ್ಟಿಕೊಂಡಳು.

ಗಿಡ ಪೂರ್ತಿ ನೆಲೆ ನಿಂತಿದೆ ಎಂದು ನಾನು ಹೇಳುವುದಿಲ್ಲ. ಇವತ್ತಿಗೂ ಯಾವುದೋ ಒಂದು ಗಿಡ ಅಡ್ಡ ಹೋಗಿ ಮೊಂಡು ಕಾಯಿ ಬಿಡುತ್ತದೆ. ಮೂಡಣ ಮೂಲೆಯ ಬಕೆಟ್ಟನ್ನು ನಾವು ಅಲ್ಲಿಂದ ಎತ್ತಿಲ್ಲ, ಚೀಲ ಕಟ್ಟುತ್ತೇವೆ ಅಷ್ಟೇ. ಪಕ್ಕದ ಮನೆಯವರಿಗೂ ಗಿಡ ತೆಗೆಯಿರಿ ಎಂದು ಹೇಳಿಲ್ಲ.

ಅವ್ವ ಇದನ್ನು ಯಾವುದನ್ನೂ ನೋಡಲಿಲ್ಲ. ಕಲ್ಮಲದ ಹಿರಿಯರು ಕಪ್ಪು ಕಾಯಿಯನ್ನು ಸೀಳಿ ನೋಡಿದ್ದರು, ಅವರು ಈಗಿಲ್ಲ. ನೋಡಿದವರಲ್ಲಿ ಬದುಕಿರುವವರು ಇವರು: ಮೊದಲ ಕಾಯಿಯನ್ನು ಕಪ್ಪೆಂದು ನನ್ನ ಜೊತೆ ನೋಡಿದ ನನ್ನ ಹೆಂಡತಿ, ಗೋಡೆಯಾಚೆ ಇಂದಿಗೂ ನಮ್ಮನ್ನು ಬೀಗರೆಂದೇ ಕರೆಯುವ ನೆರೆಮನೆಯಾಕೆ, ದೇವದುರ್ಗದಲ್ಲಿ ಅಕ್ಕ, ಗಂಡಿನ ಸೋದರತ್ತೆ, ಮತ್ತು ಕವಿತಾಳದಲ್ಲಿ, ಹಿತ್ತಲ ತುಂಬ ಕರಿ ಕಾಯಿ ಬಿಟ್ಟುಕೊಂಡಿರುವ ಸೊಸೆ.